ಲಾಭ ಅವರದ್ದು, ನಷ್ಟ ಮಾತ್ರ ನಮ್ಮದಾ?

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಯಿತು, ಸರ್ಕಾರ ಕೈಹಿಡಿಯಲಿಲ್ಲ. ಮರುದಿನವೇ ವಿಮಾ ಕಂಪನಿ ಎಐಜಿಗೆ ಅಲ್ಲಿನ ಕೇಂದ್ರ ಬ್ಯಾಂಕ್ 8,500 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಯಾರು ಮುಳುಗಬೇಕು, ಯಾರು ತೇಲಬೇಕು ಅಂತ ತೀರ್ಮಾನಿಸಿದ್ದು ಮಾರುಕಟ್ಟೆಯಲ್ಲ, ಅಧಿಕಾರಿಗಳು. ಲಿಬರ್ಟೇರಿಯನ್ನರ ತಕರಾರು ಇದೇ. ಸಂಸದ ರಾನ್ ಪಾಲ್ 70,000 ಕೋಟಿ ಡಾಲರ್‌ಗಳ ಪ್ಯಾಕೇಜ್ ವಿರುದ್ಧ ಮತ ಹಾಕಿದ್ದರು.

‘ಕೆಲಸ ಉಳೀತಲ್ವಾ?’ ಅಂತೀರಾ? ಹೌದು, ಜನರಲ್ ಮೋಟಾರ್ಸ್‌ನಲ್ಲಿ ಉಳೀತು. ಆದರೆ 2013ರಲ್ಲಿ ಸರ್ಕಾರ ಅದರ ಕೊನೆಯ ಷೇರು ಮಾರುವಷ್ಟರಲ್ಲಿ ತೆರಿಗೆದಾರರಿಗೆ ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ನಾನು ಸಾಫ್ಟ್‌ವೇರ್‌ನವನು. ನಮ್ಮ ಪ್ರಾಜೆಕ್ಟ್ ಕೈಕೊಟ್ಟರೆ ಪಕ್ಕದ ಮನೆಯವರು ಬಿಲ್ ಕಟ್ಟಲ್ಲ. ನೆರವು ಕೊಡೋದಾದ್ರೆ ಕೆಲಸ ಕಳಕೊಂಡವರ ಕೈಗೇ ಕೊಡಲಿ, ಕಂಪನಿಗಲ್ಲ. ತಪ್ಪಿಗೆ ದಂಡವೇ ಇಲ್ಲ ಅಂದ್ರೆ ಯಾರು ತಾನೇ ಹುಷಾರಾಗಿರ್ತಾರೆ?