ಅದು ಮೂಲವ್ಯಾಧಿಯಲ್ಲ, ಭಗಂದರ: ನಾಚಿಕೆ ಬಿಟ್ಟು ಓದಿರಿ

ಎಮ್ಮೆಯ ಕೆಚ್ಚಲು ಬಾತು ಹಾಲಿನಲ್ಲಿ ಕೀವು ಕಂಡರೆ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ವಾಚಕರಿಗೆ ಗೊತ್ತೇ ಇದೆ. ಅಂದೇ ಸಂಜೆಯೊಳಗೆ ದನದ ಡಾಕ್ಟರು ಬರುತ್ತಾರೆ. ಓಣಿಯವರೆಲ್ಲ ಸುತ್ತ ನಿಂತು ನೋಡುತ್ತಾರೆ, ಯಾರಿಗೂ ನಾಚಿಕೆಯಿಲ್ಲ. ಅದೇ ಮನೆಯ ಯಜಮಾನನಿಗೆ ಗುದದ್ವಾರದ ಪಕ್ಕದಲ್ಲಿ ಒಂದು ಕುರು ಎದ್ದರೆ ಮಾತ್ರ ಹೆಂಡತಿಗೂ ಹೇಳುವುದಿಲ್ಲ. ಹೊಟ್ಟೆನೋವು, ಸೊಂಟನೋವು, ಇಲ್ಲವೆ ‘ಉಷ್ಣ’ ಎಂದು ದಿನ ದೂಡುತ್ತಾನೆ. ಈ ಸಲ ಆ ಮಾತನ್ನೇ ಎತ್ತಿಕೊಂಡಿದ್ದೇವೆ. ಮನೆಯಲ್ಲಿ ಮಕ್ಕಳ ಮುಂದೆ ಗಟ್ಟಿಯಾಗಿ ಓದಲು ಮುಜುಗರವಾದರೆ ಒಬ್ಬರೇ ಓದಿರಿ, ಆದರೆ ಓದಿರಿ.

ನಮಗೆ ಪರಿಚಯದ ರೈತರೊಬ್ಬರು ಗಡಹಿಂಗ್ಲಜದ ಕಡೆಯವರು. ಎರಡು ಎಕರೆ ಕಬ್ಬು, ಒಂದಿಷ್ಟು ಮೆಣಸಿನಕಾಯಿ. ಕಬ್ಬು ಕಡಿಯುವ ದಿನಗಳಲ್ಲಿ ಅವರು ಪೂಜೆಯ ಹೊತ್ತಿಗೆ ಚರ್ಚಿನ ಹಿಂಬಾಗಿಲ ಬಳಿ ನಿಂತೇ ಇರುತ್ತಿದ್ದರು. ಪ್ರಸಂಗ ಎಷ್ಟೇ ಉದ್ದವಾದರೂ ಕುಳಿತುಕೊಳ್ಳುತ್ತಿರಲಿಲ್ಲ. ಏನು ಭಕ್ತಿ ಎಂದು ನಾವು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದೆವು. ಬಹಳ ದಿನಗಳ ಮೇಲೆ ಅವರೇ ಹೇಳಿದರು: ‘ಭಕ್ತಿ ಏನ್ರೀ, ಕೂಡಾಕ ಆಗತಿದ್ದಿಲ್ರಿ. ಕೆಂಡದ ಮ್ಯಾಲ ಕುಂತಂಗ ಆಗತಿತ್ರಿ.’

ಮೊದಲ ಸಲ ಕುರು ಎದ್ದಾಗ ಜ್ವರ ಬಂತು, ಎದೆಬಡಿತದ ಹಾಗೆ ಆ ಜಾಗ ಬಡಿದುಕೊಳ್ಳುತ್ತಿತ್ತು. ಈರುಳ್ಳಿ ಸುಟ್ಟು ಅರಿಸಿನ ಹಚ್ಚಿ ಕಟ್ಟಿದರು. ಹತ್ತನೆಯ ದಿನಕ್ಕೆ ತಾನೇ ಒಡೆಯಿತು, ಲೋಟದಷ್ಟು ಕೀವು ಹೋಯಿತು, ನೋವು ಮಾಯ. ಗೆದ್ದೆವು ಅಂದುಕೊಂಡರು. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಾವು, ಮತ್ತೆ ಒಡೆಯಿತು. ಇಚಲಕರಂಜಿಯಲ್ಲಿ ಪವರ್‌ಲೂಮ್ ಕೆಲಸಕ್ಕಿರುವ ಅಳಿಯ, ‘ಮಾವಾ, ಇಲ್ಲೊಬ್ಬರು ಶಸ್ತ್ರಕ್ರಿಯೆ ಇಲ್ಲದೆ ಮೂಲವ್ಯಾಧಿ ವಾಸಿ ಮಾಡ್ತಾರ’ ಎಂದು ಕರೆದೊಯ್ದ. ಗೋಡೆಯ ಮೇಲೆ ಗ್ಯಾರಂಟಿ ಎಂಬ ಬೋರ್ಡು. ಒಳಗಿದ್ದವರ ಓದು ಏನೆಂದು ಯಾರೂ ಕೇಳಲಿಲ್ಲ. ಬೆರಳಿಟ್ಟು ಪರೀಕ್ಷೆ ಸಹ ಮಾಡದೆ ಒಂದು ಇಂಜೆಕ್ಷನ್, ಒಂದು ಡಬ್ಬಿ ಮುಲಾಮು, ಸಾವಿರಾರು ರೂಪಾಯಿ. ಹೀಗೆ ಎರಡು ವರ್ಷ ಕಳೆಯಿತು. ಕಡೆಗೆ ಕೊಲ್ಹಾಪುರದ ಒಬ್ಬ ಶಸ್ತ್ರವೈದ್ಯರು ಐದು ನಿಮಿಷ ನೋಡಿ, ‘ಕಾಕಾ, ಇದು ಮೂಲವ್ಯಾಧಿ ಅಲ್ಲವೇ ಅಲ್ಲ, ಭಗಂದರ’ ಎಂದರು. ಮರಾಠಿಯಲ್ಲೂ ಕನ್ನಡದಲ್ಲೂ ಹೆಸರು ಒಂದೇ.

ಹೆಸರು, ಊರು ಬರೆಯಬೇಡಿ, ಉಳಿದದ್ದನ್ನೆಲ್ಲ ಬರೆಯಿರಿ ಎಂದು ಅವರೇ ನಮಗೆ ಒಪ್ಪಿಗೆ ಕೊಟ್ಟಿದ್ದಾರೆ.

ಹಾಗಾದರೆ ಭಗಂದರ ಎಂದರೇನು? ಗುದದ್ವಾರದ ಸುತ್ತ ಉಂಗುರದಂಥ ಎರಡು ಸ್ನಾಯುಗಳಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ತಾನಾಗಿಯೇ ಬಿಗಿದಿರುತ್ತದೆ. ಹೊರಗಿನದನ್ನು ನಾವು ಬೇಕೆಂದಾಗ ಬಿಗಿಯಬಹುದು. ಮಲ, ವಾಯು ನಮ್ಮ ಹಿಡಿತದಲ್ಲಿರುವುದು ಈ ಎರಡರಿಂದ. ದ್ವಾರದಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ ಕೆಲವು ಸಣ್ಣ ಗ್ರಂಥಿಗಳ ಬಾಯಿಗಳಿವೆ. ಅವುಗಳಲ್ಲೊಂದು ಕಟ್ಟಿಕೊಂಡು ಸೋಂಕು ತಗಲಿದರೆ ಕೀವು ಆ ಎರಡು ಸ್ನಾಯುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಬರಲು ದಾರಿ ಹುಡುಕುತ್ತ ಚರ್ಮದ ಕೆಳಗೆ ಬಂದು ಬಾವಾಗುತ್ತದೆ. ಬಾವು ಒಡೆದ ಮೇಲೆ ಆ ದಾರಿ ಮುಚ್ಚದೆ ಉಳಿದರೆ ಅದೇ ಭಗಂದರ: ಒಳಗೊಂದು ಬಾಯಿ, ಹೊರಗೊಂದು ಬಾಯಿ, ನಡುವೆ ಸುರಂಗ. ಇಂಥ ಬಾವು ಬಂದವರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಮುಂದೆ ಭಗಂದರವಾಗುತ್ತದೆ.

ಆಜರಾ ಕಡೆ ಭತ್ತ ಬೆಳೆಯುವವರಿಗೆ ಇದನ್ನು ತಿಳಿಸುವುದು ಸುಲಭ. ಗದ್ದೆಯ ಒಡ್ಡಿನಲ್ಲಿ ಏಡಿ ತೂತು ಕೊರೆದು ನೀರು ಕೆಳಗಿನ ಗದ್ದೆಗೆ ಸೋರುತ್ತಿದ್ದರೆ, ನೀರು ಹೊರಬರುವ ಕಡೆ ಎಷ್ಟು ಮಣ್ಣು ಮೆತ್ತಿದರೇನು? ಮೇಲಿನ ಗದ್ದೆಯೊಳಗೆ ಕೈಯಾಡಿಸಿ ನೀರು ಒಳಹೋಗುವ ಬಾಯಿ ಹುಡುಕಬೇಕು. ನಮ್ಮ ರೈತರು ಎರಡು ವರ್ಷ ಹಚ್ಚಿದ ಮುಲಾಮು ಹೊರಗಿನ ಬಾಯಿಗೆ ಮೆತ್ತಿದ ಮಣ್ಣು.

ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಹೋಗುತ್ತದೆ, ಗಡ್ಡೆ ಹೊರಗೆ ಇಳಿಯಬಹುದು. ಗುದದ ಬಿರುಕಿನಲ್ಲಿ ಮಲ ಹೋಗುವಾಗ ಕತ್ತರಿಸಿದಂಥ ಉರಿ. ಕೀವಿನ ಬಾವಿನಲ್ಲಿ ಹಗಲೂ ರಾತ್ರಿ ಬಡಿಯುವ ನೋವು, ಬಿಸಿ, ಕೆಲವರಿಗೆ ಜ್ವರ. ಭಗಂದರದಲ್ಲಿ ಮೊಡವೆಯಂಥ ಒಂದು ಚಿಕ್ಕ ಬಾಯಿಯಿಂದ ಆಗಾಗ ಕೀವು ಅಥವಾ ನೀರು ಜಿನುಗಿ ಬಟ್ಟೆ ಕಲೆಯಾಗುತ್ತದೆ. ಬಾಯಿ ಮುಚ್ಚಿದಾಗ ನೋವು, ಒಡೆದಾಗ ಆರಾಮ. ಖಾರ ತಿಂದದ್ದರಿಂದ ಇದು ಬಂತೆಂದು ಸಂಕೇಶ್ವರಿ ಮೆಣಸಿನಕಾಯಿಗೆ ಶಾಪ ಹಾಕುವವರಿದ್ದಾರೆ. ಪಾಪ, ಅದರ ತಪ್ಪಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು ಎಂದು ಮಾತ್ರ ಸಂಶೋಧನೆಗಳು ತೋರಿಸಿವೆ. ಟ್ರ್ಯಾಕ್ಟರ್ ಓಡಿಸುವ ತರುಣರಿಗೆ ಬಾಲಮೂಳೆಯ ಮೇಲಿನ ಸಂದಿಯಲ್ಲಿ ಕೂದಲು ಒಳಸೇರಿ ಕೀವಾಗುವುದು ಬೇರೆಯೇ ರೋಗ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಇದು ಎಷ್ಟು ಬಂತೆಂದರೆ ಅದಕ್ಕೆ ‘ಜೀಪ್ ರೋಗ’ ಎಂದೇ ಹೆಸರಾಯಿತು. ಅದಕ್ಕೂ ಡಾಕ್ಟರೇ ಬೇಕು.

ಇದು ಅಪರೂಪದ ಕಾಯಿಲೆಯೂ ಅಲ್ಲ, ಪಾಪದ ಫಲವೂ ಅಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1969ರಿಂದ 1978ರವರೆಗೆ ತೆಗೆದ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 9 ಜನರಿಗೆ ಭಗಂದರ ಬಂದಿತ್ತು, ಹೆಂಗಸರಿಗಿಂತ ಗಂಡಸರು ಎರಡರಷ್ಟು. ಫ್ರಾನ್ಸಿನ ದೊರೆ 14ನೇ ಲೂಯಿಗೂ ಇದೇ ಕಾಟ. 1686ರ ನವೆಂಬರಿನಲ್ಲಿ ಫೆಲಿಕ್ಸ್ ಎಂಬ ಶಸ್ತ್ರವೈದ್ಯ ಅವನಿಗೆ ಕೊಯ್ದು ವಾಸಿ ಮಾಡಿದ. ಅರಿವಳಿಕೆ ಇಲ್ಲದ ಕಾಲ ಅದು! ಅದೇ ದೇಶದಲ್ಲಿ ಹಿಂದೆ ಈ ರೋಗವನ್ನು ‘ಸಂತ ಫಿಯಾಕರರ ಕಾಯಿಲೆ’ ಎನ್ನುತ್ತಿದ್ದರು. ಈ ಸಂತರು 7ನೇ ಶತಮಾನದ ಐರಿಷ್ ಸನ್ಯಾಸಿ, ಕೈಯಲ್ಲಿ ಸಲಿಕೆ ಹಿಡಿದ ತೋಟಗಾರರ ಪಾಲಕ. ಮೂಲವ್ಯಾಧಿ, ಭಗಂದರದವರು ಮೊರೆಹೋಗುತ್ತಿದ್ದುದೂ ಅವರಿಗೇ. ಮಣ್ಣು ಅಗೆಯುವವರ ಸಂತರು ಈ ನೋವನ್ನೂ ವಹಿಸಿಕೊಂಡದ್ದು ನಮಗಂತೂ ಹಿತವೆನಿಸುತ್ತದೆ.

ಈಗ ಚಿಕಿತ್ಸೆಯ ಮಾತು. ಕೀವು ತುಂಬಿದ ಬಾವಿಗೆ ಮಾತ್ರೆ ಮದ್ದಲ್ಲ. ಕೀವನ್ನು ಕೊಯ್ದು ಹೊರಬಿಡಬೇಕು, ಅದೂ ಬೇಗ. ಮಾತ್ರೆ ನುಂಗುತ್ತ ‘ಹಣ್ಣಾಗಲಿ’ ಎಂದು ಕಾದರೆ ಕೀವು ಇನ್ನಷ್ಟು ಆಳಕ್ಕೆ ಹರಡುತ್ತದೆ. ಸಕ್ಕರೆ ಕಾಯಿಲೆಯವರು ಒಂದು ರಾತ್ರಿಯೂ ಕಾಯಬಾರದು. ಅವರಲ್ಲಿ ಸೋಂಕು ವೃಷಣದ ಚೀಲದವರೆಗೆ ಹಬ್ಬಿ ಚರ್ಮ ಕಪ್ಪಾಗಿ ಕೊಳೆಯುವುದುಂಟು, ಜೀವಕ್ಕೇ ಬರುತ್ತದೆ. ಚರ್ಮ ಕಪ್ಪಾದರೆ, ಮೂತ್ರ ಕಟ್ಟಿದರೆ, ಚಳಿಜ್ವರ ಬಂದರೆ ಬೆಳಗಿನ ಬಸ್ಸಿಗೆ ಕಾಯದೆ ಆ ಹೊತ್ತಿಗೇ 108ಕ್ಕೆ ಫೋನು ಮಾಡಿರಿ.

ಕೊಯ್ದ ಗಾಯದೊಳಗೆ ದಿನವೂ ಪಟ್ಟಿ ತುರುಕುವುದು ಹಿಂದಿನಿಂದ ಬಂದ ರೂಢಿ. ಅದರ ನೋವು ತಿಂದವರಿಗೇ ಗೊತ್ತು. ಬ್ರಿಟನ್ನಿನಲ್ಲಿ 400ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪಟ್ಟಿ ತುರುಕದವರಿಗೆ ನೋವು ಕಡಿಮೆ, ಅದರಿಂದ ಬಾವು ಮರುಕಳಿಸುವುದಾಗಲಿ ಭಗಂದರವಾಗಲಿ ಹೆಚ್ಚಾಗಲಿಲ್ಲ ಎಂದು ಕಂಡುಬಂತು. ನಿಮ್ಮ ಡಾಕ್ಟರನ್ನು ಇದರ ಬಗ್ಗೆ ಕೇಳಲು ಅಡ್ಡಿಯಿಲ್ಲ.

ಭಗಂದರದ ಕೊಯ್ತದಲ್ಲಿ ಮುಖ್ಯ ಪ್ರಶ್ನೆ ಒಂದೇ: ಸುರಂಗ ಆ ಎರಡು ಉಂಗುರಗಳನ್ನು ಎಲ್ಲಿ, ಎಷ್ಟು ದಾಟಿದೆ? ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ಸಂಗಡಿಗರು 400 ರೋಗಿಗಳನ್ನು ನೋಡಿ 1976ರಲ್ಲಿ ಮಾಡಿದ ನಾಲ್ಕು ಬಗೆಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಸುರಂಗ ಕೆಳಗಿದ್ದರೆ ಅದನ್ನು ಸೀಳಿ ತೆರೆದಿಡುತ್ತಾರೆ, ತಳದಿಂದ ಮಾಂಸ ತುಂಬಿ ಬರುತ್ತದೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ವಾಸಿ. ಮೇಲಿದ್ದರೆ ಹಾಗೆ ಸೀಳಿದಾಗ ಸ್ನಾಯುವೇ ಕಡಿದುಹೋಗಿ ಮಲ ಹಿಡಿತ ತಪ್ಪುತ್ತದೆ. ಆ ಕಷ್ಟ ಭಗಂದರಕ್ಕಿಂತ ದೊಡ್ಡದು. ಹೆಂಗಸರಿಗೆ ಮುಂಭಾಗದ ಸ್ನಾಯು ಗಿಡ್ಡ, ಹೆರಿಗೆಯಲ್ಲಿ ಪೆಟ್ಟು ತಿಂದಿರುವುದೂ ಉಂಟು, ಆದ್ದರಿಂದ ಇನ್ನೂ ಎಚ್ಚರ ಬೇಕು. ಇಂಥಲ್ಲಿ ಸುರಂಗದೊಳಗೆ ದಾರ ಹಾಯಿಸಿಡುವುದು, 2007ರಲ್ಲಿ ಥಾಯ್ಲೆಂಡಿನ ರೋಜನಸಕುಲ್ ತಿಳಿಸಿದ ಹಾಗೆ ಸ್ನಾಯುಗಳ ನಡುವೆ ಸುರಂಗವನ್ನು ಕಟ್ಟಿ ಕತ್ತರಿಸುವುದು, ಹೀಗೆ ಬೇರೆ ವಿಧಾನಗಳಿವೆ.

ದಾರಿ ತಿಳಿಯಲು ಅನುಭವಿಯ ಬೆರಳು ಬಹಳ ಹೇಳುತ್ತದೆ. ಮರುಕಳಿಸಿದ ಅಥವಾ ತೊಡಕಾದ ಭಗಂದರಕ್ಕೆ ಎಂಆರ್‌ಐ ಬೇಕೇಬೇಕು. 2002ರಲ್ಲಿ ಲಂಡನ್ನಿನ ವೈದ್ಯರು ಮರುಕಳಿಸಿದ 71 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಹೇಳಿದ್ದು: ಎಂಆರ್‌ಐ ಚಿತ್ರ ನೋಡಿ ಅದರಂತೆ ಶಸ್ತ್ರಕ್ರಿಯೆ ನಡೆಸಿದರೆ ಮತ್ತೆ ಬರುವುದು ಮುಕ್ಕಾಲು ಪಾಲಿನಷ್ಟು ತಗ್ಗಬಹುದು. ನಮ್ಮ ರೈತರು ಈ ಖರ್ಚಿಗೆ ಮುಖ ಸಿಂಡರಿಸಿದರು. ಇಂಜೆಕ್ಷನ್ನಿಗೆ ಸುರಿದ ಹಣದ ಲೆಕ್ಕ ಮಗಳು ತೆಗೆದು ತೋರಿಸಿದ ಮೇಲೆ ಸುಮ್ಮನಾದರು. ಚಿತ್ರದಲ್ಲಿ ಹೊರಗೆ ಕಾಣದ ಎರಡನೆಯ ಕವಲು ಕಂಡಿತು.

ಅವರು ಕೇಳಿದ ಇನ್ನೊಂದು ಪ್ರಶ್ನೆ: ‘ಆಯುರ್ವೇದದ ದಾರ ಕಟ್ಟಸ್ಕೊಂಡ್ರ ಆಗೂದಿಲ್ಲೇನ್ರಿ?’ ಕೇಳತಕ್ಕ ಪ್ರಶ್ನೆಯೇ. ಸುಶ್ರುತ ಸಂಹಿತೆಯಲ್ಲಿ ಭಗಂದರದ ಐದು ಬಗೆಗಳಿವೆ; ಹಣ್ಣಾಗುವ ಮುಂಚೆ ಅದು ಬರಿಯ ಪಿಡಕೆ ಅಂದರೆ ಕುರು, ಒಡೆದ ಮೇಲೆ ಭಗಂದರ ಎಂದೂ ಹೇಳಿದೆ. ಕ್ಷಾರಸೂತ್ರ ಎಂಬ ಈ ದಾರದ ಪದ್ಧತಿಯನ್ನು 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪ್ರೊ. ಪಿ. ಜೆ. ದೇಶಪಾಂಡೆ ಮತ್ತು ಸಂಗಡಿಗರು ಮತ್ತೆ ಬಳಕೆಗೆ ತಂದರು. ಇಚಲಕರಂಜಿಯ ನೇಕಾರ ಬಂಧುಗಳಿಗೆ ಇದು ರುಚಿಸೀತು: 20ನೇ ನಂಬರಿನ ಲಿನನ್ ನೂಲು, ಅದಕ್ಕೆ ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನ ಸೇರಿ 21 ಲೇಪ. ಇದನ್ನು ಸುರಂಗದಲ್ಲಿ ಹಾಯಿಸಿ ಕಟ್ಟಿ ವಾರಕ್ಕೊಮ್ಮೆ ಬದಲಿಸುತ್ತಾರೆ. ಅದು ವಾರಕ್ಕೆ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ನಿಧಾನವಾಗಿ ಕತ್ತರಿಸುತ್ತ, ಹಿಂದೆಯೇ ಮಾಯುತ್ತ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸುಮಾರು 500 ರೋಗಿಗಳಲ್ಲಿ ದಾರವನ್ನೂ ಶಸ್ತ್ರಕ್ರಿಯೆಯನ್ನೂ ಹೋಲಿಸಿ 1991ರಲ್ಲಿ ವರದಿ ಪ್ರಕಟಿಸಿತು. ದಾರದಲ್ಲಿ ಗಾಯ ಮಾಯಲು 8 ವಾರ, ಶಸ್ತ್ರಕ್ರಿಯೆಯಲ್ಲಿ 4 ವಾರ. ಆದರೆ ಮರುಕಳಿಸಿದ್ದು ದಾರದವರಲ್ಲಿ ನೂರಕ್ಕೆ 4, ಶಸ್ತ್ರಕ್ರಿಯೆಯವರಲ್ಲಿ 11. ಅಲೋಪಥಿಯೋ ಆಯುರ್ವೇದವೋ ಎಂಬ ಜಗಳ ನಮಗೆ ಬೇಡ. ಶಲ್ಯತಂತ್ರದಲ್ಲಿ ಪದವಿ ಪಡೆದ ವೈದ್ಯರೋ ಅಲ್ಲವೋ ಎಂಬುದನ್ನು ಮಾತ್ರ ನೋಡಿರಿ. ಉತ್ತರಾಣಿ, ಕಳ್ಳಿ ನಮ್ಮ ಹೊಲದ ಬದುವಿನಲ್ಲೇ ಇವೆಯೆಂದು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿರಿ. ಕಳ್ಳಿಯ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಒಂದು ವಿಷಯ ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಕೆಲವು ಭಗಂದರಗಳ ಹಿಂದೆ ಕ್ಷಯ ಇರುತ್ತದೆ, ಕೆಲವರಲ್ಲಿ ಕರುಳಿನ ಕ್ರೋನ್ಸ್ ರೋಗ. ಕ್ಷಯವಿದ್ದರೆ ಎಷ್ಟು ಕೊಯ್ದರೂ ಮಾಯದು. ಔಷಧ ಪೂರ್ತಿ ತೆಗೆದುಕೊಂಡರೆ ಮಾಯುತ್ತದೆ. ಆ ಔಷಧವನ್ನು ಸರಕಾರ ಪುಕ್ಕಟೆ ಕೊಡುತ್ತದೆ. ಆದ್ದರಿಂದ ಕೊಯ್ದು ತೆಗೆದ ಚೂರನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ಕೇಳಿ, ವರದಿಯನ್ನು ಕೈಯಲ್ಲಿ ಇಸಿದುಕೊಳ್ಳಿರಿ.

ಗಡಹಿಂಗ್ಲಜದವರು ಮೊದಲು ಅಲ್ಲಿಯ ಉಪಜಿಲ್ಲಾ ಆಸ್ಪತ್ರೆಗೆ, ಇಚಲಕರಂಜಿಯವರು ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆಗೆ ಹೋಗಬಹುದು. ತೊಡಕಿನದ್ದಾದರೆ ಕೊಲ್ಹಾಪುರದಲ್ಲಿ ಛತ್ರಪತಿ ಪ್ರಮಿಲಾರಾಜೆ ಆಸ್ಪತ್ರೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಪಿಆರ್ ಇದೆ. ಸರಕಾರಿ ವೈದ್ಯಕೀಯ ಕಾಲೇಜು ಅದಕ್ಕೆ ಹೊಂದಿಕೊಂಡಿದೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಕೂಡುವುದೋ ಎಂದು ಆಸ್ಪತ್ರೆಯಲ್ಲಿ ಕೂತಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮುಂಚೆಯೇ ವಿಚಾರಿಸಿರಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಹೆಂಗಸರು ಹೆಣ್ಣು ಡಾಕ್ಟರು ಬೇಕೆಂದು ಕೇಳಬಹುದು, ಅದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಹಳೆಯ ಚೀಟಿ, ಎಕ್ಸ್‌ರೇ, ಹಿಂದೆ ಯಾರು ಎಲ್ಲಿ ಕೊಯ್ದರೆಂಬ ಕಾಗದ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ.

ಮನೆಗೆ ಬಂದ ಮೇಲೆ ದಿನಕ್ಕೆ ಎರಡು ಮೂರು ಸಲ, ಮಲವಿಸರ್ಜನೆಯ ನಂತರ ತಪ್ಪದೆ, ಅಗಲ ಬುಟ್ಟಿಯಲ್ಲಿ ಬೆಚ್ಚನೆಯ ನೀರು ಹಾಕಿ ಹತ್ತು ನಿಮಿಷ ಕೂಡಬೇಕು. ಜೋಳದ ರೊಟ್ಟಿ, ಸೊಪ್ಪು, ಕಾಳು, ಸಾಕಷ್ಟು ನೀರು, ಮಲ ಗಟ್ಟಿಯಾಗಬಾರದು. ಗಾಯದ ಬಾಯಿ ಮೇಲೆ ಮುಚ್ಚಿತೆಂದು ಡಾಕ್ಟರು ಕರೆದ ದಿನ ತಪ್ಪಿಸಬೇಡಿರಿ. ನಮ್ಮ ರೈತರು ಒಂದು ಸಲ ಹಾಗೆ ತಪ್ಪಿಸಿದರು. ಕಬ್ಬಿಗೆ ನೀರಿನ ಪಾಳಿ ಅದೇ ದಿನ ಬಂದಿತ್ತಂತೆ. ಮುಂದಿನ ವಾರ ಹೆಂಡತಿ ತಾವೇ ಕೊಲ್ಹಾಪುರದ ಬಸ್ಸು ಹತ್ತಿಸಿ, ಪಕ್ಕದಲ್ಲಿ ಕೂತು ಕರೆದೊಯ್ದರು.