ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿ ಮತ್ತು ನಮ್ಮ ಲೆಕ್ಕದ ಮೇಜು

ಹತ್ತನೆಯ ತರಗತಿ ಮುಗಿಸಿದ ಯುವಕನೊಬ್ಬ ಕೆಲಸ ಕೇಳಿಕೊಂಡು ಅಂಗಡಿಗೆ ಬರುತ್ತಾನೆ. ಕಂಪ್ಯೂಟರ್ ಬರುತ್ತದೆಯೇ ಎಂದು ವಿಚಾರಿಸಿದರೆ, ಬರುತ್ತದೆ ಎನ್ನುತ್ತಾನೆ. ಒಂದು ದಿನದ ಮಾರಾಟದ ಬಿಲ್ಲುಗಳನ್ನು ಕೊಟ್ಟು ಎಕ್ಸೆಲ್‌ನಲ್ಲಿ ಹಾಕೆಂದರೆ, ಅಂಕಿಗಳನ್ನೆಲ್ಲ ಶ್ರದ್ಧೆಯಿಂದ ಟೈಪು ಮಾಡಿ, ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂಡಿ, ಬಂದ ಮೊತ್ತವನ್ನು ಕೊನೆಯ ಸಾಲಿನಲ್ಲಿ ಬರೆಯುತ್ತಾನೆ. ನಮ್ಮ ಸದಸ್ಯರಲ್ಲಿ ಅನೇಕರಿಗೆ ಇದು ಪರಿಚಿತ ದೃಶ್ಯ. ಯುವಕನಲ್ಲಿ ಬುದ್ಧಿಯಾಗಲಿ ಶ್ರದ್ಧೆಯಾಗಲಿ ಕಡಿಮೆಯಿಲ್ಲ. ಕೂಡುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದೆಂದು ಅವನಿಗೆ ಶಾಲೆಯಲ್ಲಿ ಯಾರೂ ತೋರಿಸಿಕೊಟ್ಟಿಲ್ಲ.

ಕೈಯಲ್ಲಿ ಮೊಬೈಲ್ ಇದ್ದ ಮಾತ್ರಕ್ಕೆ ಈ ಕೊರತೆ ನೀಗದು. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82.2 ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲೆವೆಂದು 2024ರ ‘ಅಸರ್’ ಸಮೀಕ್ಷೆಯಲ್ಲಿ ತಿಳಿಸಿದ್ದಾರೆ. ಹೀಗೆ ಬಳಸಬಲ್ಲವರಲ್ಲಿ, ಹಿಂದಿನ ವಾರ ಸಾಮಾಜಿಕ ಜಾಲತಾಣಗಳಿಗಾಗಿ ಅದನ್ನು ಬಳಸಿದವರು ಸುಮಾರು ಶೇ. 76, ಕಲಿಕೆಗೆ ಬಳಸಿದವರು ಸುಮಾರು ಶೇ. 57. ಬೆರಳು ಚುರುಕಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಾಖಲೆಯನ್ನು ಸಿದ್ಧಪಡಿಸುವುದು, ಕಾಪಾಡುವುದು, ಬೇಕಾದಾಗ ಹುಡುಕಿ ತೆಗೆಯುವುದು ಬೇರೆಯದೇ ವಿದ್ಯೆ.

ವ್ಯಾಪಾರಕ್ಕೆ ಇದರಿಂದೇನು?

2005ರಲ್ಲಿ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಬಂದವು. 2023ರ ಆಗಸ್ಟ್‌ನಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಪ್ರತಿಯೊಂದು ಬದಲಾವಣೆಯೂ ಸಣ್ಣ ವರ್ತಕನ ಮೇಜಿನ ಮೇಲೆ ಹೊಸದೊಂದು ಕೆಲಸವನ್ನು ತಂದಿಟ್ಟಿತು.

2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದುದನ್ನು ಯಾರೂ ಮರೆತಿಲ್ಲ. ಸರಕುಗಳಿಗೆ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆಗಳಿಗೆ 20 ಲಕ್ಷ ರೂಪಾಯಿ ಎಂಬ ನೋಂದಣಿಯ ಮಿತಿ ಅಂದು ಬೀದಿಬೀದಿಯ ಮಾತಾಯಿತು. ಆ ನೋಟಿಸುಗಳ ನ್ಯಾಯಾನ್ಯಾಯ ಬೇರೆ ಚರ್ಚೆಯ ವಿಷಯ. ನಮಗೆ ಇಲ್ಲಿ ಮುಖ್ಯವಾದ ಪಾಠ ಇಷ್ಟು: ಹಣ ಪಡೆಯಲು ಫೋನು ಸಾಕಾಯಿತು, ಆ ಹಣದಲ್ಲಿ ತೆರಿಗೆಯಿಲ್ಲದ ಹಾಲು, ತರಕಾರಿಯ ಮಾರಾಟದ್ದೆಷ್ಟು, ಕೈಗಡದ ಮರುಪಾವತಿ ಎಷ್ಟು ಎಂದು ವಿಂಗಡಿಸಿ ತೋರಿಸಲು ಲೆಕ್ಕ ಬೇಕಾಯಿತು. ಮನೆಯಲ್ಲಿ ಹೈಸ್ಕೂಲು ಓದುವ ಮಗನೋ ಮಗಳೋ ದಿನಕ್ಕೆ ಹತ್ತು ನಿಮಿಷ ಕುಳಿತು ಪಟ್ಟಿ ಬರೆದಿಡಬಲ್ಲವರಾಗಿದ್ದರೆ ಎಷ್ಟೋ ಅಂಗಡಿಗಳ ಆತಂಕ ಅರ್ಧದಷ್ಟು ಇಳಿಯುತ್ತಿತ್ತು.

ನಲವತ್ತು ವರ್ಷಗಳ ಪ್ರಯತ್ನ

ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಯತ್ನ ಹೊಸದಲ್ಲ. ಕೇಂದ್ರ ಸರ್ಕಾರ 1984-85ರಲ್ಲೇ ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ‘ಬಿಬಿಸಿ ಮೈಕ್ರೋ’ ಯಂತ್ರಗಳನ್ನು ಒದಗಿಸಿತ್ತು. ಕರ್ನಾಟಕದಲ್ಲಿ 2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆ 1,000 ಸರ್ಕಾರಿ ಪ್ರೌಢಶಾಲೆಗಳನ್ನು ತಲುಪಿತು. 2004ರಲ್ಲಿ ಕೇಂದ್ರದ ‘ಐಸಿಟಿ@ಸ್ಕೂಲ್ಸ್’ ಯೋಜನೆ ಬಂದಿತು. ಯಂತ್ರಗಳನ್ನೂ ಬೋಧಕರನ್ನೂ ಖಾಸಗಿ ಸಂಸ್ಥೆಯೇ ಒದಗಿಸಿ, ಐದು ವರ್ಷ ನಡೆಸಿ, ಬಳಿಕ ಶಾಲೆಗೆ ಹಸ್ತಾಂತರಿಸುವ ಗುತ್ತಿಗೆ ಮಾದರಿ ಆ ದಿನಗಳಲ್ಲಿ ಪ್ರಚಲಿತವಾಯಿತು.

ಕಾಗದದ ಮೇಲೆ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಗುತ್ತಿಗೆ ಮುಗಿದೊಡನೆ ಹೊರಗಿನ ಬೋಧಕರು ಹೊರಟುಹೋದರು. ಶಾಲೆಯ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರಿಗೆ ಆ ಕೊಠಡಿ ಮೊದಲಿನಿಂದಲೂ ಪರರ ಮನೆಯಂತೆಯೇ ಇತ್ತು. ಯುಪಿಎಸ್ ಬ್ಯಾಟರಿ ಸತ್ತಾಗ ಬದಲಿಸಲು ಹಣವಿಲ್ಲದೆ ಬೀಗ ಬಿದ್ದ ಕೊಠಡಿಗಳೂ ಉಂಟು.

ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. ಅಲ್ಲಿ ‘ಐಟಿ@ಸ್ಕೂಲ್’ ಯೋಜನೆಯಡಿ ಶಾಲೆಯ ಶಿಕ್ಷಕರಿಗೇ ತರಬೇತಿ ನೀಡಿ, ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶಗಳನ್ನು ಅಳವಡಿಸಿ, ಮಾಹಿತಿ ತಂತ್ರಜ್ಞಾನವನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವಿಷಯವನ್ನಾಗಿ ಮಾಡಲಾಯಿತು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಈ ಎರಡು ಮಾದರಿಗಳನ್ನು ಹೋಲಿಸಿ ಅಧ್ಯಯನ ನಡೆಸಿ, ಶಿಕ್ಷಕರನ್ನೇ ನೆಚ್ಚಿದ ಮಾದರಿಯೇ ಮೇಲೆಂಬ ನಿರ್ಣಯಕ್ಕೆ ಬಂದಿತು. ನಂತರದ ವರ್ಷಗಳಲ್ಲಿ ಕರ್ನಾಟಕವೂ ತನ್ನ ವಿಷಯ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ನೀಡುವತ್ತ ಹೊರಳಿತು. ಯಂತ್ರೋಪಕರಣ ಕೊಂಡು ಅದನ್ನು ನಡೆಸುವ ಕುಶಲಕರ್ಮಿಯನ್ನು ತಯಾರು ಮಾಡದಿದ್ದರೆ ಏನಾಗುತ್ತದೆಂದು ಕಾರ್ಖಾನೆ ನಡೆಸುವ ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ.

ಏನನ್ನು ಕಲಿಸಬೇಕು?

ಮೊದಲನೆಯದು, ಕನ್ನಡದಲ್ಲಿ ಟೈಪು ಮಾಡುವ ಅಭ್ಯಾಸ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆ ವಿನ್ಯಾಸವನ್ನು ಮಕ್ಕಳು ಕೆಲವೇ ವಾರಗಳಲ್ಲಿ ಕಲಿಯಬಲ್ಲರು. ಜೊತೆಗೆ ಯೂನಿಕೋಡ್ ಎಂದರೇನೆಂದೂ ತಿಳಿಯಬೇಕು. ಹಳೆಯ ಬಗೆಯ ಫಾಂಟಿನಲ್ಲಿ ಸಿದ್ಧಪಡಿಸಿ ಕಳುಹಿಸಿದ ದರಪಟ್ಟಿ ಗಿರಾಕಿಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸಿಕೊಂಡು ನಗೆಪಾಟಲಾದ ಅನುಭವ ನಮ್ಮಲ್ಲಿ ಹಲವರಿಗಿದೆ.

ಎರಡನೆಯದು, ಕಡತಗಳ ಶಿಸ್ತು. ಯಾವ ದಾಖಲೆಗೆ ಯಾವ ಹೆಸರು, ಯಾವ ತಿಂಗಳಿಗೆ ಯಾವ ಫೋಲ್ಡರ್, ಇನ್ನೊಂದು ಪ್ರತಿ ಎಲ್ಲಿ ಎಂಬ ಶಿಸ್ತು ಬಾರದಿದ್ದರೆ ಉಳಿದ ವಿದ್ಯೆಯೆಲ್ಲ ನಿಷ್ಪ್ರಯೋಜಕ.

ಮೂರನೆಯದೇ ಅತಿ ಮುಖ್ಯವಾದದ್ದು: ಸ್ಪ್ರೆಡ್‌ಶೀಟ್. ಹತ್ತು ಬಗೆಯ ದಿನಸಿ, ಅವುಗಳ ತೂಕ, ದರ ಕೊಟ್ಟು ಸೂತ್ರ ಬರೆಯಿಸಿ ಮೊತ್ತ ತೆಗೆಸಬೇಕು. ಬಳಿಕ ಒಂದೇ ಒಂದು ದರವನ್ನು ಬದಲಿಸಲು ಹೇಳಬೇಕು. ಕೆಳಗಿನ ಮೊತ್ತ ತಾನಾಗಿಯೇ ಬದಲಾಗುವುದನ್ನು ಕಂಡ ಮಗು ಬೀಜಗಣಿತದ ‘ಎಕ್ಸ್’ ಎಂದರೇನೆಂದು ಆ ಕ್ಷಣವೇ ಅರಿಯುತ್ತದೆ. ಮುಂದಿನ ಹಂತದಲ್ಲಿ 1,250 ಎಂದಿರಬೇಕಾದ ಕಡೆ 12,500 ಎಂದು ಬರೆದ ಪಟ್ಟಿ ಕೊಟ್ಟು ತಪ್ಪನ್ನು ಹುಡುಕಿಸಬೇಕು. ಯಂತ್ರ ಕೂಡುವುದರಲ್ಲಿ ತಪ್ಪದಿದ್ದರೂ ತಪ್ಪು ಅಂಕಿಯನ್ನು ಪ್ರಶ್ನಿಸದೆ ಕೂಡಿಬಿಡುತ್ತದೆ ಎಂಬ ಎಚ್ಚರ ಇಲ್ಲಿ ಮೂಡುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬಾರದು, ಹಣ ಸ್ವೀಕರಿಸಲು ಪಿನ್ ಒತ್ತಬೇಕಾಗಿಲ್ಲ ಎಂಬಂತಹ ವ್ಯವಹಾರದ ಎಚ್ಚರಗಳೂ ಇದೇ ಪಾಠದ ಮುಂದುವರಿಕೆ.

ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯಕ. ಪ್ರೌಢಶಾಲೆ ನಮಗೆ ಗುಮಾಸ್ತರನ್ನು ತಯಾರಿಸಿಕೊಡುವ ಸಂಸ್ಥೆಯಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಚಟುವಟಿಕೆಗಳಿರಬೇಕೆಂದು ಹೇಳಿದೆ. ಮಕ್ಕಳಲ್ಲಿ ಒಬ್ಬರು ತಂತ್ರಾಂಶ ರೂಪಿಸಬಹುದು, ಇನ್ನೊಬ್ಬರು ದಾದಿಯಾಗಬಹುದು, ಮತ್ತೊಬ್ಬರು ಅಪ್ಪನ ತೋಟ ನೋಡಿಕೊಳ್ಳಬಹುದು. ಕ್ರಮಬದ್ಧವಾಗಿ ಯೋಚಿಸುವ ಅಭ್ಯಾಸ ಅವರೆಲ್ಲರಿಗೂ ಬೇಕು.

ಸದಸ್ಯರು ಮಾಡಬಹುದಾದದ್ದು

ಕಂಪನಿಗಳ ಕಾಯ್ದೆ 2013ರ 135ನೆಯ ಕಲಮು 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಗಳಿಗೆ ಅನ್ವಯಿಸುತ್ತದೆ. ನಮ್ಮಲ್ಲಿ ಬಹುತೇಕರಿಗೆ ಆ ನಿರ್ಬಂಧವಿಲ್ಲ. ಆದರೂ ಸಣ್ಣ ಕೈಗಳಿಂದ ಆಗುವ ಕೆಲಸ ಸಾಕಷ್ಟಿದೆ.

ಹಳೆಯ ಕಂಪ್ಯೂಟರನ್ನು ಶಾಲೆಯ ಮೂಲೆಗೆ ಸಾಗಿಸಿ ಫೋಟೋ ತೆಗೆಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂತಹ ಯಂತ್ರಗಳನ್ನು ಕೊಡುವುದಾದರೆ ಮೆಮೊರಿ ಹೆಚ್ಚಿಸಿ, ಲಿನಕ್ಸ್ ಮತ್ತು ಲಿಬ್ರೆ ಆಫೀಸ್ ಅಳವಡಿಸಿ ಕೊಡುವುದು ಲೇಸು. ನಾಲ್ಕೈದು ವರ್ತಕರು ಕೂಡಿ ಒಂದು ಶಾಲೆಯ ಯುಪಿಎಸ್ ಬ್ಯಾಟರಿ ಹಾಗೂ ವಾರ್ಷಿಕ ನಿರ್ವಹಣೆಯ ವೆಚ್ಚ ವಹಿಸಿಕೊಂಡರೆ ಅದು ಹೊಸ ಯಂತ್ರಕ್ಕಿಂತ ದೊಡ್ಡ ಕೊಡುಗೆ. ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆಗಳನ್ನು ತೆಗೆದುಹಾಕಿದ ನಮ್ಮ ಹಳೆಯ ಬಿಲ್ಲುಗಳನ್ನೂ ದಾಸ್ತಾನು ಪಟ್ಟಿಗಳನ್ನೂ ಶಿಕ್ಷಕರಿಗೆ ಅಭ್ಯಾಸದ ಸಾಮಗ್ರಿಯಾಗಿ ಒದಗಿಸಬಹುದು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ತಿಂಗಳಿಗೊಮ್ಮೆ ನಮ್ಮ ಲೆಕ್ಕಿಗರನ್ನು ಒಂದು ಅವಧಿಗೆ ಕಳುಹಿಸಬಹುದು. ಪಾಠ ಮಾತ್ರ ಶಿಕ್ಷಕರ ಕೈಯಲ್ಲೇ ಇರಬೇಕು.

ಶಾಲೆಗಳು ತೆರೆಯುವ ಜೂನ್ ತಿಂಗಳಿಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಅಂಗಡಿಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಒಮ್ಮೆ ಭೇಟಿಯಿತ್ತು, ಕಂಪ್ಯೂಟರ್ ಕೊಠಡಿಯ ಬೀಗ ತೆರೆದಿದೆಯೇ, ಎಷ್ಟು ಯಂತ್ರಗಳು ನಡೆಯುತ್ತಿವೆ, ಯಾವ ಶಿಕ್ಷಕರಿಗೆ ಆಸಕ್ತಿಯಿದೆ ಎಂದು ವಿಚಾರಿಸಿ ಬರುವುದು ಒಳಿತು. ಆ ಮೂರು ಉತ್ತರಗಳು ದೊರೆತರೆ ಮುಂದಿನ ಕೆಲಸ ಏನೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.