ಗಿರಿವಾಸಿ ಕಡಲತಡಿಗೆ ಬಂದರೆ

ಕಿವಿ ಇಲಿಯದು, ಬಾಲ ಅಳಿಲಿನದು, ಮೈ ರೇಷ್ಮೆಯದು. ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸು. ಚಿಂಚಿಲವೆಂಬ ಈ ಪುಟ್ಟ ಪ್ರಾಣಿಯ ಚಿತ್ರವನ್ನು ಒಮ್ಮೆ ಕಂಡ ಮಕ್ಕಳು ಅದೇ ಬೇಕೆಂದು ಹಟ ಹಿಡಿದರೆ ಸೋಜಿಗವಿಲ್ಲ. ಶರಾವತಿ ಕಡಲು ಸೇರುವೆಡೆಯ ಕಾಸರಕೋಡದಲ್ಲಿ ನನ್ನ ಪರಿಚಿತರೊಬ್ಬರ ಮನೆಯಲ್ಲಿಯೂ ಈಚೆಗೆ ಇದೇ ಹಟ ಹುಟ್ಟಿತು. ಎಂಟನೆಯ ತರಗತಿಯ ಮಗಳಿಗೆ, ಪರೀಕ್ಷೆ ಮುಗಿದೊಡನೆ ತಂದುಕೊಡುವೆನೆಂದು ತಂದೆ ಮಾತನ್ನೂ ಕೊಟ್ಟಾಗಿತ್ತು. “ಸಾಕುವುದೇನು ಕಷ್ಟ ಸರ್? ಮೊಲದ ಹಾಗೆಯೇ ಅಲ್ಲವೆ?” ಎಂದು ನನ್ನನ್ನು ಕೇಳಿದರು. ಕನ್ನಡ ಪಾಠ ಹೇಳುವವನನ್ನು ಕೇಳತಕ್ಕ ಪ್ರಶ್ನೆಯಲ್ಲ ಇದು; ಆದರೂ ಪುಸ್ತಕ ತಿರುವುವ ಚಟ ಸುಮ್ಮನಿರಗೊಡಲಿಲ್ಲ.

ಚಿಂಚಿಲದ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಬಂಡೆಗಳ ಸಂದಿನಲ್ಲಿ, ಒಣ ಹವೆಯಲ್ಲಿ, ಇರುಳಿನ ಕಡುಚಳಿಯಲ್ಲಿ ಬಾಳಿ ಬಂದ ಜೀವವದು. ನಮಗೆ ಒಂದು ಕೂದಲು ಹುಟ್ಟುವ ರಂಧ್ರದಲ್ಲಿ ಅದಕ್ಕೆ ಐವತ್ತಕ್ಕೂ ಮಿಕ್ಕಿ ಎಳೆಗಳು. ಈ ತುಪ್ಪುಳವೇ ಅದಕ್ಕೆ ಮುಳುವಾಯಿತು. ಸಿರಿವಂತರ ಮೇಲಂಗಿಗಾಗಿ ಬೇಟೆಯಾಡಿ, 20ನೆಯ ಶತಮಾನದ ಆರಂಭದ ವೇಳೆಗೆ ಅದರ ಸಂತತಿಯನ್ನು ಅಳಿವಿನ ಅಂಚಿಗೆ ನೂಕಿದ್ದರು. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರು 11 ಚಿಂಚಿಲಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಕ್ಕೆ ಒಯ್ದನು. ಬೆಟ್ಟದಿಂದ ಬಯಲಿಗೆ ಅವನ್ನು ಒಮ್ಮೆಲೇ ಇಳಿಸಲಿಲ್ಲ. ತಿಂಗಳುಗಟ್ಟಲೆ ಹಂತಹಂತವಾಗಿ ತಂದು, ಹಡಗಿನಲ್ಲಿ ಮಂಜುಗಡ್ಡೆಯಿಟ್ಟು ತಂಪಾಗಿರಿಸಿದನು. ಇಂದು ಮನೆಗಳಲ್ಲಿರುವ ಚಿಂಚಿಲಗಳಲ್ಲಿ ಬಹುಪಾಲು ಆ ಹನ್ನೊಂದರ ಸಂತಾನವೆನ್ನುತ್ತಾರೆ.

ತಲೆಮಾರುಗಳು ಉರುಳಿದರೂ ಮೈ ಮಾತ್ರ ಬೆಟ್ಟವನ್ನು ಮರೆತಿಲ್ಲ. ಅದಕ್ಕೆ ಹಿತವಾದ ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್; 26 ದಾಟಿತೆಂದರೆ ಪ್ರಾಣಕ್ಕೆ ಅಪಾಯ. ನಮ್ಮ ಕರಾವಳಿಯಲ್ಲಿ ಮಾಗಿಯ ಮಧ್ಯಾಹ್ನವೂ 30ನ್ನು ದಾಟುವುದುಂಟು. ಫ್ಯಾನಿನ ಗಾಳಿ ನಮ್ಮ ಬೆವರನ್ನು ಆರಿಸುವುದರಿಂದ ನಮಗೆ ತಂಪು. ಬೆವರದ ಚಿಂಚಿಲಕ್ಕೆ ಅದರಿಂದೇನೂ ಲಾಭವಿಲ್ಲ. “ಹಾಗಾದರೆ ಎ.ಸಿ. ಹಾಕಿಸೋಣ” ಎಂದರು ಗೆಳೆಯರು. ಹಾಕಿಸಬಹುದು. ಆದರೆ ಹಗಲಿರುಳೂ, ವರ್ಷವಿಡೀ ಅದು ನಡೆಯಬೇಕು. ಆಷಾಢದ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಬರುವುದು ಯಾವಾಗಲೆಂದು ಹೊನ್ನಾವರ, ಕುಮಟೆ, ಭಟ್ಕಳಗಳ ಜನರಿಗೆ ನಾನು ಹೇಳಬೇಕಾದ್ದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಮೂಲೆಯಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಅಂಥ ಒತ್ತಾದ ತುಪ್ಪುಳದೊಳಗೆ ತೇವ ಸೇರಿದರೆ ಆರುವುದೆಂತು? ಚರ್ಮಕ್ಕೂ ಬೂಷ್ಟಿನ ರೋಗ ತಗಲುತ್ತದೆ.

ಇದೇ ಕಾರಣದಿಂದ ಚಿಂಚಿಲಕ್ಕೆ ನೀರಿನ ಸ್ನಾನವಿಲ್ಲ, ಧೂಳಿನ ಸ್ನಾನ. ವಾರಕ್ಕೆ ಮೂರು ನಾಲ್ಕು ಬಾರಿ, ಹತ್ತು ನಿಮಿಷ, ಜ್ವಾಲಾಮುಖಿಯ ಬೂದಿಯಂಥ ನಯವಾದ ಧೂಳಿನಲ್ಲಿ ಹೊರಳಿ ಮೈಯ ಜಿಡ್ಡನ್ನೂ ತೇವವನ್ನೂ ಕಳೆದುಕೊಳ್ಳುತ್ತದೆ. “ಮನೆಯೆದುರೇ ಇಷ್ಟು ಮರಳು ಬಿದ್ದಿದೆಯಲ್ಲ ತಮ್ಮಾ!” ಎಂದರು ಆ ಮನೆಯ ಅಜ್ಜಿ. ಕಡಲ ಮರಳು ಒರಟು, ಉಪ್ಪು, ಸದಾ ಹಸಿ. ಅದು ಈ ಕೆಲಸಕ್ಕೆ ಒದಗದು.

ಆಹಾರವೆಂದರೆ ಮುಖ್ಯವಾಗಿ ಒಣಗಿದ ಮೇವಿನ ಹುಲ್ಲು. ಹಲ್ಲು ಬದುಕಿನುದ್ದಕ್ಕೂ ಬೆಳೆಯುವುದರಿಂದ ಅಗಿಯುತ್ತಲೇ ಇರಬೇಕು. ನಮ್ಮ ಭತ್ತದ ಹುಲ್ಲಿನಲ್ಲಿ ಸಾಕಷ್ಟು ಸತ್ತ್ವವಿಲ್ಲ. ಪೇಟೆಯಿಂದ ತರಿಸಿದ ಹುಲ್ಲು ಮಳೆಗಾಲದಲ್ಲಿ ಮುಗ್ಗುತ್ತದೆ. ಬಂದ ನೆಂಟರು ಅಕ್ಕರೆಯಿಂದ ಕೊಡುವ ಗೋಡಂಬಿ, ಒಣದ್ರಾಕ್ಷಿಗಳು ಅದರ ಹೊಟ್ಟೆಗೆ ಹಗೆ. ಅದಲ್ಲದೆ ಇದು ಹಗಲು ಮಲಗಿ ಇರುಳು ಜಿಗಿದಾಡುವ ಪ್ರಾಣಿ; ಹಿಡಿದು ಮುದ್ದಿಸಹೋದರೆ ಹೆದರಿ, ಹಿಡಿದಲ್ಲಿನ ಕೂದಲನ್ನು ಕೈಯಲ್ಲೇ ಬಿಟ್ಟು ಓಡುತ್ತದೆ. ಆಯುಷ್ಯ 10ರಿಂದ 20 ವರ್ಷ. ಇಂದಿನ ಹುಡುಗಿ ನಾಳೆ ಧಾರವಾಡದ ಹಾಸ್ಟೆಲು ಸೇರಿದಾಗ ಇಲ್ಲಿ ಪಂಜರ ಗುಡಿಸುವವರಾರು?

ಬೇಡವೆಂದೇ ನಾನು ಹೇಳಿದೆ. ಆ ಬಾಲಿಕೆ ಎರಡು ವಾರ ನನ್ನೊಡನೆ ಮಾತಾಡಲಿಲ್ಲ.

ಇಷ್ಟಾಗಿಯೂ ಕೊಳ್ಳಹೊರಟವರು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿ ವಿದೇಶೀ ಪ್ರಾಣಿಗಳ ಸಾಕಣೆಗೆ ನೋಂದಣಿಯ ಕಟ್ಟಳೆಗಳನ್ನು ತಂದಿದೆ. ಈಗಾಗಲೇ ಮನೆಗೆ ತಂದವರು ಪಂಜರವನ್ನು ಬಿಸಿಲು ತಾಗದ ಕೆಳಮಹಡಿಯ ಕೋಣೆಯಲ್ಲಿಟ್ಟು, ಒರಗಲು ತಣ್ಣನೆಯ ಕಲ್ಲುಚಪ್ಪಡಿಯೊಂದನ್ನು ಹಾಕಿ, ಗೋಡೆಗೆ ಉಷ್ಣಮಾಪಕ ತೂಗಹಾಕಲಿ. ಕಿವಿ ಕೆಂಪೇರಿ, ಬಾಯಿ ತೆರೆದು ಉಸಿರಾಡುತ್ತ ಒರಗಿತೆಂದರೆ ಶಾಖದ ಆಘಾತ. ಆಗ ಮಂಜಿನ ನೀರಿನಲ್ಲಿ ಅದ್ದಬಾರದು; ತಂಪಾದೆಡೆಗೆ ಒಯ್ದು, ತಣ್ಣೀರಿನ ಬಟ್ಟೆಯಿಂದ ಕಿವಿಗಳನ್ನು ಒರಸುತ್ತ, ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು.